ಮಕ್ಕಳ ಪೌಷ್ಟಿಕತೆ ಅಧ್ಯಯನಕ್ಕೆ ಯಾವ ಅಳತೆ? ಟೇಪು, ತಕ್ಕಡಿ, ಎತ್ತರದ ಬೋರ್ಡು, ಊಟದ ಲೆಕ್ಕ, ರಕ್ತ

ಅಂತಾರಾಷ್ಟ್ರೀಯ ಅಭಿವೃದ್ಧಿ ಯೋಜನೆಗಳಲ್ಲಿ ಮಕ್ಕಳ ಪೌಷ್ಟಿಕತೆಯ ಸಂಶೋಧನೆಗೆ ಇಳಿದವರು ನೈಜರ್‌ನಲ್ಲಿರಲಿ, ಬಾಂಗ್ಲಾದೇಶದಲ್ಲಿರಲಿ, ಯಾದಗಿರಿಯಲ್ಲಿರಲಿ, ಮೊದಲು ಎದುರಾಗುವ ಪ್ರಶ್ನೆ ಒಂದೇ: ಏನನ್ನು ಅಳೆಯೋಣ? ಹಣ ಕೊಡುವವರಿಗೆ ಎಲ್ಲವೂ ಬೇಕು. ಕೈಯಲ್ಲಿರುವುದು ನಾಲ್ಕು ತಂಡ, ಆರು ವಾರ. ತೋಳಿನ ಸುತ್ತಳತೆ, ಎತ್ತರಕ್ಕೆ ತಕ್ಕ ತೂಕ, ವಯಸ್ಸಿಗೆ ತಕ್ಕ ಎತ್ತರ, ಆಹಾರದ ವೈವಿಧ್ಯ, ಇಪ್ಪತ್ತನಾಲ್ಕು ಗಂಟೆಯ ಊಟದ ಲೆಕ್ಕ, ರಕ್ತ ಪರೀಕ್ಷೆ ಎಲ್ಲವನ್ನೂ ಒಂದೇ ಪ್ರಶ್ನಾವಳಿಗೆ ತುಂಬಿದರೆ ಯಾವುದೂ ನೆಟ್ಟಗೆ ಬರುವುದಿಲ್ಲ. ಅರ್ಧ ಗಂಟೆ ದಾಟಿದ ಮೇಲೆ ತಾಯಿ ಕೊಡುವ ಉತ್ತರದಲ್ಲಿ ಹುರುಪಿರುವುದಿಲ್ಲ. ಅಳುವ ಮಗುವಿನ ಕಾಲನ್ನು ಬೋರ್ಡಿಗೆ ಒತ್ತಿ ಹಿಡಿಯುವ ತಾಳ್ಮೆ ಅಳತೆಗಾರರಲ್ಲೂ ಉಳಿದಿರುವುದಿಲ್ಲ.

ಆರಿಸುವ ಮುನ್ನ

ಅಂಕಿ ಯಾವ ತೀರ್ಮಾನಕ್ಕೆ ಬೇಕು ಎಂಬುದನ್ನು ಎಲ್ಲಕ್ಕಿಂತ ಮೊದಲು ಬರೆದಿಟ್ಟುಕೊಳ್ಳಿ. ಇವತ್ತೇ ಚಿಕಿತ್ಸೆಗೆ ಕಳಿಸಬೇಕಾದ ಮಗುವನ್ನು ಹುಡುಕುವುದು ಒಂದು ಕೆಲಸ. ತಾಲ್ಲೂಕಿನಲ್ಲಿ ಅಪೌಷ್ಟಿಕತೆ ಶೇಕಡಾ ಎಷ್ಟಿದೆ ಎಂದು ತಿಳಿಯುವುದು ಇನ್ನೊಂದು. ಯೋಜನೆಯಿಂದ ಬದಲಾವಣೆ ಆಯಿತೇ ಎಂದು ತೋರಿಸುವುದು ಮೂರನೆಯದು. ಮೂರಕ್ಕೂ ಒಂದೇ ಸಾಧನ ಸಾಕು ಎಂದುಕೊಂಡಲ್ಲೇ ಹೆಚ್ಚಿನ ಅಧ್ಯಯನಗಳು ಹಾಳಾಗುವುದು.

ಎರಡನೆಯದು ವಯಸ್ಸು. ನೀವು ಹೋಗುವ ಊರಿನಲ್ಲಿ ಜನನ ದಿನಾಂಕ ಕಾಗದದ ಮೇಲೆ ಸಿಗುತ್ತದೆಯೇ? ಕರ್ನಾಟಕದಲ್ಲಿ ತಾಯಿ ಕಾರ್ಡ್ ಇರುತ್ತದೆ, ವಲಸೆ ಕುಟುಂಬಗಳನ್ನು ಬಿಟ್ಟರೆ ಬಹುಪಾಲು ಮಕ್ಕಳ ದಿನಾಂಕ ಸಿಗುತ್ತದೆ. ಸಹಾರಾದಂಚಿನ ಹಳ್ಳಿಗಳಲ್ಲಿ ಎಷ್ಟೋ ಸಲ ಸಿಗುವುದಿಲ್ಲ.

ಮೂರನೆಯದು ಎಷ್ಟು ಮಕ್ಕಳು ಎಂಬ ಲೆಕ್ಕ. ಪ್ರಮಾಣ ಶೇ. 20 ಇರಬಹುದು, ಐದು ಅಂಶ ಆಚೀಚೆ ಆದರೂ ಪರವಾಗಿಲ್ಲ ಎಂದಾದರೆ ಬೇಕಾಗುವುದು 246 ಮಕ್ಕಳು. ಹಳ್ಳಿಗಳ ಗುಂಪುಗಳನ್ನು ಆರಿಸಿ ಸಮೀಕ್ಷೆ ಮಾಡುವುದರಿಂದ ಒಂದೂವರೆ ಪಟ್ಟು ಹಿಡಿದರೆ 369, ಮನೆಯಲ್ಲಿ ಸಿಗದವರಿಗೆಂದು ಶೇ. 10 ಬಿಟ್ಟರೆ 410. ಅದೇ ಪ್ರಮಾಣ 20ರಿಂದ 15ಕ್ಕೆ ಇಳಿಯಿತು ಎಂದು ಶೇ. 80 ಭರವಸೆಯಿಂದ ತೋರಿಸಲು ಹೋಲಿಸುವ ಪ್ರತಿ ಗುಂಪಿಗೂ ಸುಮಾರು 900 ಮಕ್ಕಳು ಬೇಕು, ಹಳ್ಳಿ ಗುಂಪುಗಳ ಲೆಕ್ಕ ಸೇರಿಸಿದರೆ 1,350. ಸಣ್ಣ ಸಂಸ್ಥೆಗಳು 200 ಮಕ್ಕಳನ್ನು ಅಳೆದು 'ನಮ್ಮ ಯೋಜನೆಯಿಂದ ಅಪೌಷ್ಟಿಕತೆ ಇಳಿದಿದೆ' ಎಂದು ವರದಿ ಬರೆಯುವುದು ಈ ಲೆಕ್ಕವನ್ನು ಮಾಡದೆ ಇದ್ದಾಗ.

ಕೊನೆಯದನ್ನು ಜನ ಮರೆಯುತ್ತಾರೆ: ಅಳೆದಾಗ ಸಿಕ್ಕ ತೀವ್ರ ಅಪೌಷ್ಟಿಕ ಮಗುವಿಗೆ ಏನು ಮಾಡುತ್ತೀರಿ? ಹತ್ತಿರದ ಪೌಷ್ಟಿಕ ಪುನಶ್ಚೇತನ ಕೇಂದ್ರ ಎಲ್ಲಿದೆ, ಹಾಸಿಗೆ ಖಾಲಿ ಇದೆಯೇ, ಹೋಗಿಬರುವ ಖರ್ಚು ಯಾರದು, ತಾಯಿಯ ಕೂಲಿ ತಪ್ಪಿದ್ದಕ್ಕೆ ಏನು ವ್ಯವಸ್ಥೆ ಎಂಬುದು ಸಮೀಕ್ಷೆಯ ಬಜೆಟ್ಟಿನಲ್ಲೇ ಇರಬೇಕು. ಅದಿಲ್ಲದ ಅಳತೆಗೆ ನೈತಿಕ ಸಮಿತಿ ಒಪ್ಪಿದರೂ ನೀವು ಒಪ್ಪಬೇಡಿ.

ತೋಳಿನ ಟೇಪು

ಅತಿ ಅಗ್ಗ, ಅತಿ ವೇಗ. ಜೇಬಿನಲ್ಲಿ ಹಿಡಿಯುತ್ತದೆ, ವಯಸ್ಸಿನ ನಿಖರ ದಿನಾಂಕ ಬೇಡ, 6ರಿಂದ 59 ತಿಂಗಳ ಮಗು ಎಂದು ಗೊತ್ತಿದ್ದರೆ ಸಾಕು. 115 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ತೀವ್ರ, 115ರಿಂದ 125ರೊಳಗಿದ್ದರೆ ಮಧ್ಯಮ. ಈ 115ರ ಗಡಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2009ರಲ್ಲಿ ಒಟ್ಟಾಗಿ ಗೊತ್ತುಮಾಡಿದವು.

ಅಳೆಯುವ ಕ್ರಮ ಹೀಗೆ. ಎಡಗೈಯ ಅಂಗಿ ತೋಳನ್ನು ಪೂರ್ತಿ ಸರಿಸಿ, ಮೊಣಕೈಯನ್ನು 90 ಡಿಗ್ರಿ ಮಡಿಸಿ. ಭುಜದ ತುದಿಯ ಮೂಳೆಯಿಂದ ಮೊಣಕೈ ತುದಿಯವರೆಗೆ ಅಳೆದು ನಟ್ಟನಡುವೆ ಪೆನ್ನಿನಿಂದ ಗುರುತು ಹಾಕಿ. ಆಮೇಲೆ ಕೈಯನ್ನು ಸಡಿಲವಾಗಿ ಇಳಿಬಿಟ್ಟು, ಗುರುತಿನ ಮೇಲೆ ಟೇಪು ಸುತ್ತಿ ಓದಿ. ಚರ್ಮ ಕುಗ್ಗಿ ಏಣು ಬಿದ್ದರೆ ಬಿಗಿಯಾಯಿತು, ಟೇಪಿನಡಿ ಬೆಳಕು ಕಂಡರೆ ಸಡಿಲವಾಯಿತು. ತಪ್ಪು ಆಗುವುದು ಬಹುತೇಕ ಎರಡು ಕಡೆ: ಅವಸರದಲ್ಲಿ ನಡುಭಾಗವನ್ನು ಕಣ್ಣಂದಾಜಿನಲ್ಲಿ ಹಿಡಿಯುವುದು, ಮತ್ತು ಕೈ ಮಡಿಸಿಕೊಂಡಿರುವಾಗಲೇ ಸುತ್ತಳತೆ ಓದಿಬಿಡುವುದು. ಮೂರು ಮಿಲಿಮೀಟರ್ ವ್ಯತ್ಯಾಸ ಅಲ್ಪ ಎನಿಸಬಹುದು. 113 ಮತ್ತು 116ರ ನಡುವೆ ಮಗುವಿನ ಚಿಕಿತ್ಸೆಯೇ ಬದಲಾಗುತ್ತದೆ.

ಇದನ್ನು ಕಲಿಸುವುದು ಸುಲಭ. ನೈಜರ್‌ನ ಹಳ್ಳಿಗಳಲ್ಲಿ ತಾಯಂದಿರ ಕೈಗೇ ಬಣ್ಣದ ಟೇಪು ಕೊಟ್ಟು ನಡೆಸಿದ, 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ತಾಯಂದಿರು ಆರೋಗ್ಯ ಕಾರ್ಯಕರ್ತರಿಗಿಂತ ಕಡಿಮೆಯೇನೂ ಮಾಡಲಿಲ್ಲ. ಮಕ್ಕಳನ್ನು ಹುಡುಕುವುದೇ ನಿಮ್ಮ ಗುರಿಯಾದರೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಆದರೆ ಪ್ರಮಾಣ ತಿಳಿಯಲು ಟೇಪು ಒಂದನ್ನೇ ನಂಬಿದರೆ, ಅದರಲ್ಲೂ ಭಾರತದಲ್ಲಿ, ಮೋಸಹೋಗುತ್ತೀರಿ. 2016–18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆಯಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳು ಶೇ. 17. ಅದೇ ಸಮೀಕ್ಷೆಯಲ್ಲಿ ತೋಳಿನ ಸುತ್ತಳತೆ 125 ಮಿ.ಮೀ.ಗಿಂತ ಕಡಿಮೆ ಇದ್ದವರು ಶೇ. 5 ಮಾತ್ರ. ಎರಡೂ ಅಳತೆ ಸರಿಯೇ, ಹಿಡಿಯುವ ಮಕ್ಕಳು ಬೇರೆ. ಟೇಪು ಚಿಕ್ಕ ವಯಸ್ಸಿನ, ಗಿಡ್ಡನೆಯ ಮಕ್ಕಳನ್ನು ಹೆಚ್ಚು ಹಿಡಿಯುತ್ತದೆ, ಸಾವಿನ ಅಪಾಯ ಹೆಚ್ಚಿರುವವರೂ ಅವರೇ. ತೂಕ-ಎತ್ತರದ ಲೆಕ್ಕ ಉದ್ದನೆಯ ಸಪೂರ ಮೈಕಟ್ಟಿನವರನ್ನು ಹೆಚ್ಚು ಹಿಡಿಯುತ್ತದೆ. ಇಥಿಯೋಪಿಯಾದ ಪಶುಪಾಲಕ ಸಮುದಾಯಗಳಲ್ಲಿ ಈ ಅಂತರ ಬಹಳ ಚರ್ಚೆಯಾಗಿದೆ.

ತಕ್ಕಡಿ ಮತ್ತು ಬೋರ್ಡು: ಎತ್ತರಕ್ಕೆ ತಕ್ಕ ತೂಕ

ತುರ್ತು ಪರಿಸ್ಥಿತಿಯ ಸಮೀಕ್ಷೆಗಳಿಗೆ ಇದೇ ಮುಖ್ಯ ಅಳತೆ. ಇಲ್ಲಿಯೂ ವಯಸ್ಸಿನ ನಿಖರತೆ ಬೇಡ. ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳು ಶೇ. 15 ದಾಟಿದರೆ ಈಗಿನ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ 'ಅತಿ ಹೆಚ್ಚು'. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತ 19.3, ಕರ್ನಾಟಕ 19.5.

ಬೇಕಾಗುವುದು 100 ಗ್ರಾಂವರೆಗೆ ತೋರಿಸುವ, ತಾಯಿಯ ತೂಕವನ್ನು ತಾನೇ ಕಳೆಯುವ ಡಿಜಿಟಲ್ ತಕ್ಕಡಿ, ಒಂದು ಮಿಲಿಮೀಟರಿನವರೆಗೆ ಗುರುತಿರುವ ಮರದ ಬೋರ್ಡು, ಮತ್ತು ಪ್ರತಿ ತಂಡಕ್ಕೆ ಇಬ್ಬರು ಅಳತೆಗಾರರು. ಒಬ್ಬರೇ ಅಳೆಯುವುದೆಂದರೆ ಅಳೆಯದಿದ್ದಂತೆಯೇ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ಎರಡು ದಾಟಿದವರನ್ನು ನಿಲ್ಲಿಸಿ ಅಳೆಯಬೇಕು. ಮಲಗಿಸಿದ ಉದ್ದ ನಿಂತ ಎತ್ತರಕ್ಕಿಂತ ಸರಾಸರಿ 0.7 ಸೆಂ.ಮೀ. ಹೆಚ್ಚು, ಹಾಗಾಗಿ ಹೇಗೆ ಅಳೆದಿರಿ ಎಂಬುದನ್ನು ಹಾಳೆಯಲ್ಲಿ ಕಡ್ಡಾಯವಾಗಿ ಬರೆಯಿರಿ. ಮೂರು ವರ್ಷದ ಮಗು ನಿಲ್ಲಲು ಒಪ್ಪದೆ ಮಲಗಿಸಿಯೇ ಅಳೆದರೆ 0.7 ಕಳೆಯಬಹುದು, ಬರೆಯದಿದ್ದರೆ ಏನನ್ನೂ ಮಾಡಲಾಗದು.

ತಕ್ಕಡಿಯನ್ನು ದಿನಾ ಬೆಳಿಗ್ಗೆ ಗೊತ್ತಿರುವ ತೂಕವಿಟ್ಟು ಪರೀಕ್ಷಿಸಿ, ಗಟ್ಟಿ ಸಮತಟ್ಟು ನೆಲದಲ್ಲೇ ಇಡಿ. ಸಗಣಿ ಸಾರಿಸಿದ ಅಂಗಳದ ಉಬ್ಬುತಗ್ಗಿನಲ್ಲಿ ಅಂಕಿ ಓಡಾಡುತ್ತದೆ, ಕೆಳಗೊಂದು ಪ್ಲೈವುಡ್ ತುಂಡು ಹಾಕಿದರೆ ಸಾಕು. ಬಿಸಿಲಿನಲ್ಲಿ ಕಾದ ತಕ್ಕಡಿಯನ್ನು ನೆರಳಿಗೆ ತಂದು ತಣಿಯಲು ಬಿಡಿ. ಮಗುವಿನ ಬಟ್ಟೆ ಬಿಚ್ಚಿಸಿ, ಬೆಳ್ಳಿ ಕಡಗ, ಸೊಂಟದ ಉಡಿದಾರದ ಗುಂಡುಗಳು ಇದ್ದರೆ ಗಮನಿಸಿ. ಬಿಚ್ಚಲು ಮನೆಯವರು ಒಪ್ಪದಿದ್ದರೆ ಒತ್ತಾಯ ಬೇಡ, ಟಿಪ್ಪಣಿ ಬರೆದರೆ ಆಯಿತು. ಕೂದಲಿಗೆ ಜುಟ್ಟು ಕಟ್ಟಿದ್ದರೆ ಮಾತ್ರ ಬಿಚ್ಚಿಸಲೇಬೇಕು, ಅದೊಂದರಲ್ಲೇ ಒಂದು ಸೆಂ.ಮೀ. ಕೂಡುತ್ತದೆ.

ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ನೋಡುವುದನ್ನು ಯಾವತ್ತೂ ಬಿಡಬೇಡಿ. ಎರಡರಲ್ಲೂ ಗುಳಿ ಉಳಿದರೆ ಅದು ಊತ. ಊತವಿದ್ದ ಮಗುವಿನ ತೂಕ ಎಷ್ಟೇ ಚೆನ್ನಾಗಿ ಕಂಡರೂ ತೀವ್ರ ಅಪೌಷ್ಟಿಕತೆಯೇ. ಮಲಾವಿ, ಕಾಂಗೋದಂಥ ಕಡೆ ಇದು ಹೆಚ್ಚು ಕಾಣುತ್ತದೆ.

ಅಳತೆ ಚೆನ್ನಾಗಿ ಬಂದಿದೆಯೇ ಎಂದು ಅಂಕಿಗಳೇ ಹೇಳುತ್ತವೆ. ದಶಾಂಶದ ಜಾಗದಲ್ಲಿ 0 ಮತ್ತು 5 ಮತ್ತೆಮತ್ತೆ ಬಂದರೆ ಅಳತೆಗಾರರು ಓದುತ್ತಿಲ್ಲ, ಅಂದಾಜು ಹೇಳುತ್ತಿದ್ದಾರೆ. ಮಾನದಂಡದ ಮಧ್ಯದ ಅಳತೆಯಿಂದ ಮಗು ಎಷ್ಟು ದೂರವಿದೆ ಎಂದು ತೋರಿಸುವ ಅಂಕಿಯೇ ಝಡ್ ಸ್ಕೋರು, -2ಕ್ಕಿಂತ ಕೆಳಗಿಳಿದರೆ ಅಪೌಷ್ಟಿಕತೆ. ಅದರ ಪ್ರಮಾಣ ವಿಚಲನೆ, ಅಂದರೆ ಚೆದುರುವಿಕೆ, 0.8ರಿಂದ 1.2ರ ಒಳಗಿರಬೇಕು. 1.3, 1.4 ಬಂದರೆ ಅಂಕಿಗಳು ಎರಡೂ ಬದಿಗೆ ಚೆದುರಿವೆ ಎಂದರ್ಥ. ಆಗ ಸರಾಸರಿ ಸರಿಯಿದ್ದರೂ ಗಡಿಯಾಚೆ ಬಿದ್ದ ಮಕ್ಕಳ ಸಂಖ್ಯೆ ಸುಳ್ಳಾಗಿ ಉಬ್ಬುತ್ತದೆ. ಇದನ್ನು ದಿನಾ ಸಂಜೆ ನೋಡಿ, ಕೊನೆಯ ದಿನ ನೋಡಿದರೆ ತಿದ್ದಲು ಏನೂ ಉಳಿದಿರುವುದಿಲ್ಲ. ಕ್ಷೇತ್ರಕ್ಕೆ ಇಳಿಯುವ ಮುನ್ನ ಹತ್ತು ಮಕ್ಕಳನ್ನು ಪ್ರತಿ ಅಳತೆಗಾರರಿಂದಲೂ ಎರಡೆರಡು ಸಲ ಅಳೆಸಿ ಹೋಲಿಸುವ ಪರೀಕ್ಷೆಗೆ ಒಂದು ಪೂರ್ತಿ ದಿನ ಮೀಸಲಿಡಿ. ಬಜೆಟ್ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಈ ದಿನಕ್ಕೇ. ಮಾದರಿಯಲ್ಲಿ ಐವತ್ತು ಮಕ್ಕಳು ಕಡಿಮೆಯಾದರೂ ಚಿಂತೆಯಿಲ್ಲ, ಈ ದಿನವನ್ನು ಬಿಟ್ಟುಕೊಡಬೇಡಿ.

ಈ ಅಳತೆಯ ದೌರ್ಬಲ್ಯ ಋತು. ಹಿಂದಿನ ಬೆಳೆ ಮುಗಿದು ಹೊಸದು ಬಾರದ ತಿಂಗಳುಗಳಲ್ಲಿ, ಭೇದಿ ಹರಡುವ ಮಳೆಗಾಲದಲ್ಲಿ ಪ್ರಮಾಣ ಏರುತ್ತದೆ, ಸುಗ್ಗಿಯ ನಂತರ ಇಳಿಯುತ್ತದೆ. ಆರಂಭದ ಸಮೀಕ್ಷೆ ಜುಲೈನಲ್ಲಿ, ಅಂತ್ಯದ್ದು ಜನವರಿಯಲ್ಲಿ ಆದರೆ ನೀವು ಅಳೆದದ್ದು ಯೋಜನೆಯನ್ನಲ್ಲ, ಸುಗ್ಗಿಯನ್ನು.

ವಯಸ್ಸಿಗೆ ತಕ್ಕ ಎತ್ತರ

ಗರ್ಭದಿಂದ ಎರಡು ವರ್ಷದವರೆಗಿನ ಕೊರತೆಯೆಲ್ಲ ಕೂಡಿ ಕಾಣುವುದು ಇಲ್ಲಿ. ಋತುವಿನ ಏರಿಳಿತ ಕಡಿಮೆ. ಸಲಕರಣೆಯೂ ಅದೇ ಬೋರ್ಡು, ಹೆಚ್ಚಿನ ಖರ್ಚಿಲ್ಲ. ಆದರೂ ಇದರಷ್ಟು ಸುಲಭವಾಗಿ ಕೈಕೊಡುವ ಅಳತೆ ಇನ್ನೊಂದಿಲ್ಲ, ಏಕೆಂದರೆ ಎಲ್ಲವೂ ವಯಸ್ಸಿನ ಮೇಲೆ ನಿಂತಿದೆ.

ಒಂದು ಗಂಡುಮಗು 72 ಸೆಂ.ಮೀ. ಉದ್ದ ಇದೆ ಎನ್ನಿ. 12 ತಿಂಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಲ್ಲಿ ಮಧ್ಯದ ಅಳತೆ 75.7, ಒಂದು ಝಡ್ ಅಂದರೆ ಸುಮಾರು 2.4 ಸೆಂ.ಮೀ. ಈ ಮಗುವಿಗೆ ಬರುವುದು -1.6, ಸಾಮಾನ್ಯರ ಸಾಲಿನಲ್ಲೇ ಇದೆ. ಅಜ್ಜಿ 'ಹದಿಮೂರು ತುಂಬಿತು' ಅಂದದ್ದನ್ನು ಬರೆದುಕೊಂಡರೆ ಮಧ್ಯದ ಅಳತೆ 76.9 ಆಗುತ್ತದೆ, ಸ್ಕೋರು -2.03ಕ್ಕೆ ಜಾರುತ್ತದೆ, ಮಗು 'ಕುಂಠಿತ ಬೆಳವಣಿಗೆ'ಯ ಪಟ್ಟಿಗೆ ಸೇರುತ್ತದೆ. ಮಗು ಅದೇ, ಉದ್ದವೂ ಅದೇ.

ದಿನಾಂಕ ಇಲ್ಲದ ಕಡೆ ಸ್ಥಳೀಯ ಘಟನೆಗಳ ಪಂಚಾಂಗ ಮಾಡಿಕೊಳ್ಳಬೇಕು: ಜಾತ್ರೆ, ಬಿತ್ತನೆ, ಚುನಾವಣೆ, ರಂಜಾನ್, ನೆರೆ ಬಂದ ತಿಂಗಳು. ಐದು ವರ್ಷದ ಪ್ರತಿ ತಿಂಗಳಿಗೂ ಒಂದಾದರೂ ಗುರುತು ಸಿಗುವಂತೆ ಊರಿನವರನ್ನೇ ಕೂರಿಸಿ ಬರೆಸಿ. ವಯಸ್ಸಿನ ಪಟ್ಟಿಯಲ್ಲಿ 12, 24, 36 ತಿಂಗಳಲ್ಲಿ ಗುಡ್ಡೆ ಬಿದ್ದಿದ್ದರೆ ಪಂಚಾಂಗ ಬಳಕೆಯಾಗಿಲ್ಲ ಎಂದು ತಿಳಿಯಿರಿ.

ಇನ್ನೊಂದು ಕಷ್ಟ, ಬದಲಾವಣೆ ಬಹಳ ಸಣ್ಣದು. ಪೂರಕ ಆಹಾರ, ಶೌಚಾಲಯ, ಶುದ್ಧ ನೀರು ಇವುಗಳ ಪರಿಣಾಮ ನೋಡಲು ನಡೆದ ಮೂರು ದೊಡ್ಡ ಪ್ರಯೋಗಗಳಲ್ಲಿ ಪೌಷ್ಟಿಕಾಂಶ ಕೊಟ್ಟ ಗುಂಪಿಗೆ ದಕ್ಕಿದ್ದು ಬಾಂಗ್ಲಾದೇಶದಲ್ಲಿ 0.25, ಕೀನ್ಯಾದಲ್ಲಿ 0.13, ಜಿಂಬಾಬ್ವೆಯಲ್ಲಿ 0.16 ಝಡ್. ನೀರು-ನೈರ್ಮಲ್ಯ ಮಾತ್ರ ಸಿಕ್ಕ ಗುಂಪುಗಳಲ್ಲಿ ಎತ್ತರದಲ್ಲಿ ಬದಲಾವಣೆ ಕಾಣಲಿಲ್ಲ. ಎರಡು ವರ್ಷದ ಮಗುವಿಗೆ ಒಂದು ಸೆಂ.ಮೀ. ಅಂದರೆ ಸುಮಾರು 0.33 ಝಡ್. ಒಂದು ಗುಂಪಿನ ತಂಡದ ಬೋರ್ಡು ಅರ್ಧ ಸೆಂ.ಮೀ. ತಪ್ಪು ತೋರಿಸಿದರೂ ಇಡೀ ಪರಿಣಾಮ ಅದರಲ್ಲೇ ಮುಳುಗಿಹೋಗುತ್ತದೆ. ಆದ್ದರಿಂದ ಎರಡೂ ಗುಂಪಿನ ಹಳ್ಳಿಗಳಿಗೆ ಅದೇ ತಂಡಗಳನ್ನು ಅದಲುಬದಲಾಗಿ ಕಳಿಸಿ. ಶೇಕಡಾವಾರು ಪ್ರಮಾಣದ ಬದಲು ಸರಾಸರಿ ಝಡ್ ಸ್ಕೋರನ್ನು ಮುಖ್ಯ ಫಲಿತಾಂಶವಾಗಿ ಇಟ್ಟುಕೊಳ್ಳಿ. 0.2 ವ್ಯತ್ಯಾಸ ಕಾಣಲು, ವಿಚಲನೆ 1.1 ಎಂದು ಹಿಡಿದರೆ, ಗುಂಪಿಗೆ ಸುಮಾರು 475 ಮಕ್ಕಳು ಸಾಕು. ಹಳ್ಳಿ ಗುಂಪುಗಳ ಲೆಕ್ಕ ಇದರ ಮೇಲೆ.

ಒಂದು ವರ್ಷದ ಯೋಜನೆಗೆ ಈ ಅಳತೆಯನ್ನು ಒಪ್ಪಿಕೊಳ್ಳಲೇಬಾರದು. ಹಣ ಕೊಡುವವರು ಕೇಳಿದರೂ ಅಷ್ಟರಲ್ಲಿ ಎತ್ತರ ಬದಲಾಗುವುದಿಲ್ಲ ಎಂದು ಮೊದಲೇ ಬರೆದು ತಿಳಿಸಿ.

ಊಟದ ಲೆಕ್ಕ: ಹೌದು-ಇಲ್ಲವೋ, ಗ್ರಾಂಗಳಲ್ಲೋ

ದೇಹದ ಅಳತೆ ಬದಲಾಗಲು ವರ್ಷಗಳು ಬೇಕು, ಬಟ್ಟಲಿನಲ್ಲಿರುವುದು ತಿಂಗಳುಗಳಲ್ಲಿ ಬದಲಾಗುತ್ತದೆ. ಇಲ್ಲಿ ಎರಡು ಮುಖ್ಯ ದಾರಿಗಳಿವೆ.

ಮೊದಲನೆಯದು ಕನಿಷ್ಠ ಆಹಾರ ವೈವಿಧ್ಯ. 6ರಿಂದ 23 ತಿಂಗಳ ಮಗು ನಿನ್ನೆ ಹಗಲು-ರಾತ್ರಿ ಎಂಟು ಗುಂಪುಗಳಲ್ಲಿ ಐದನ್ನಾದರೂ ತಿಂದಿತೇ ಎಂಬ ಪ್ರಶ್ನೆ: ಎದೆಹಾಲು, ಧಾನ್ಯ-ಗೆಡ್ಡೆ, ಬೇಳೆಕಾಳು-ಬೀಜ, ಹಾಲು-ಮೊಸರು, ಮಾಂಸ-ಮೀನು, ಮೊಟ್ಟೆ, ವಿಟಮಿನ್ ಎ ಇರುವ ಹಣ್ಣು-ತರಕಾರಿ, ಇತರ ಹಣ್ಣು-ತರಕಾರಿ. ಹಳೆಯ ವರದಿಗಳಲ್ಲಿ ಏಳರಲ್ಲಿ ನಾಲ್ಕು ಎಂಬ ಲೆಕ್ಕ ಇತ್ತು, ಎದೆಹಾಲು ಸೇರಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಹತ್ತು-ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ, ತರಬೇತಿ ಎರಡು ದಿನ ಸಾಕು.

ಸೋಲುವುದು ಕೇಳುವ ರೀತಿಯಲ್ಲಿ. 'ತರಕಾರಿ ಕೊಟ್ರಾ?' ಎಂದರೆ ಹೌದು ಎಂದೇ ಉತ್ತರ ಬರುತ್ತದೆ. 'ನಿನ್ನೆ ಎದ್ದ ಮೇಲೆ ಮೊದಲು ಏನು ಕೊಟ್ರಿ, ಅದರಲ್ಲಿ ಏನೇನು ಹಾಕಿದ್ರಿ?' ಎಂದು ಸರದಿಯಲ್ಲಿ ಕೇಳಿಕೊಂಡು ಹೋದರೆ ನಿಜ ಹೊರಬರುತ್ತದೆ. ಸಾರಿನ ಒಗ್ಗರಣೆಯ ಕರಿಬೇವು, ಚಿಟಿಕೆ ಕೊತ್ತಂಬರಿ ತರಕಾರಿ ಅಲ್ಲ. ಬಸ್ಸಾರಿನ ತಿಳಿಯನ್ನಷ್ಟೇ ಅನ್ನಕ್ಕೆ ಕಲಸಿ ಕೊಟ್ಟರೆ ಸೊಪ್ಪು ಮಗುವಿನ ಬಾಯಿಗೆ ಹೋಗಿಲ್ಲ, ಪಲ್ಯ ದೊಡ್ಡವರ ತಟ್ಟೆಯಲ್ಲಿದೆ. ಇಂಥವನ್ನು ಆ ಊರಿನ ಅಡುಗೆ ಗೊತ್ತಿರುವವರೇ ಪ್ರಶ್ನಾವಳಿಗೆ ಮೊದಲೇ ಸೇರಿಸಬೇಕು. ಈ ಸೂಚಕ ಇಡೀ ಸಮುದಾಯದ ಚಿತ್ರಕ್ಕೆ ಮಾತ್ರ. ಒಂದು ದಿನದ ಉತ್ತರ ಹಿಡಿದು ಒಂದು ಮಗುವಿನ ಬಗ್ಗೆ ತೀರ್ಪು ಕೊಡಲಾಗದು.

ಎರಡನೆಯದು ಇಪ್ಪತ್ತನಾಲ್ಕು ಗಂಟೆಯ ಪ್ರಮಾಣಸಹಿತ ಲೆಕ್ಕ. ಕಬ್ಬಿಣಾಂಶ ಎಷ್ಟು ಮಿಲಿಗ್ರಾಂ ಕಡಿಮೆಯಿದೆ, ಅಕ್ಕಿಗೆ ಸೇರಿಸಬೇಕೋ ಮೊಟ್ಟೆ ಕೊಡಬೇಕೋ ಎಂಬ ಪ್ರಶ್ನೆಗೆ ಇದಿಲ್ಲದೆ ಉತ್ತರವಿಲ್ಲ. ಪ್ರತಿ ಮಗುವಿಗೆ 45 ನಿಮಿಷದಿಂದ ಒಂದು ಗಂಟೆ, ತರಬೇತಿ ಎರಡು ವಾರ, ಅಂಕಿ ನಮೂದಿಸಿ ಶುಚಿಗೊಳಿಸಲು ಕ್ಷೇತ್ರದ ಕೆಲಸಕ್ಕಿಂತ ಹೆಚ್ಚು ಸಮಯ. ಮನೆಯ ಲೋಟ, ಸೌಟುಗಳನ್ನೇ ತರಿಸಿ, ಕೊಟ್ಟಷ್ಟು ಮಟ್ಟಕ್ಕೆ ನೀರು ತುಂಬಿಸಿ ತೂಗಿ. ಮುದ್ದೆಯ ಗಾತ್ರವನ್ನು ಆಟದ ಜೇಡಿಮಣ್ಣಿನಲ್ಲಿ ಮಾಡಿ ತೋರಿಸಲು ಹೇಳಿ. ತಟ್ಟೆಯಲ್ಲಿ ಉಳಿದದ್ದನ್ನು ಕಳೆಯುವುದನ್ನು ಮರೆಯಬೇಡಿ, ಮಕ್ಕಳ ಲೆಕ್ಕದಲ್ಲಿ ದೊಡ್ಡ ತಪ್ಪು ಇಲ್ಲೇ. ಪೋಷಕಾಂಶಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2017ರ ಕೋಷ್ಟಕಗಳಲ್ಲಿ 528 ಆಹಾರಗಳಿವೆ. ಅವು ಬಹುಪಾಲು ಹಸಿ ಪದಾರ್ಥಗಳ ಲೆಕ್ಕ, ಬೇಯಿಸಿದ ಅಡುಗೆಗೆ ನೀವೇ ಪಾಕವಿಧಾನ ತೂಗಿ ಲೆಕ್ಕ ಕಟ್ಟಬೇಕು. ಒಂದಷ್ಟು ಮಕ್ಕಳಿಗಾದರೂ ಬೇರೊಂದು ದಿನ, ಮರುದಿನವಲ್ಲ, ಮತ್ತೆ ಕೇಳದಿದ್ದರೆ ದಿನನಿತ್ಯದ ಸೇವನೆಯನ್ನು ಅಂದಾಜಿಸಲು ಬರುವುದಿಲ್ಲ.

ಇವೆರಡರಲ್ಲೂ ಎದೆಹಾಲಿನ ಪ್ರಮಾಣ ಸಿಗದು. ತಾಯಿಗೆ ಭಾರಜಲದ (ಭಾರವಾದ ಹೈಡ್ರೋಜನ್ ಇರುವ ನೀರು) ಸಣ್ಣ ಪ್ರಮಾಣ ಕುಡಿಸಿ, ತಾಯಿ-ಮಗು ಇಬ್ಬರ ಜೊಲ್ಲಿನ ಮಾದರಿಯನ್ನು 14 ದಿನ ಸಂಗ್ರಹಿಸುವ ಐಸೊಟೋಪ್ ವಿಧಾನ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಂಥ, ಸ್ಥಿರ ಐಸೊಟೋಪ್ ಅನುಭವವಿರುವ ಪ್ರಯೋಗಾಲಯ ಜೊತೆಗಿಲ್ಲದಿದ್ದರೆ ಅದಕ್ಕೆ ಕೈಹಾಕಬೇಡಿ.

ರಕ್ತ

ಭಾರತದ ಎರಡು ಅಂಕಿಗಳನ್ನು ನೋಡಿ. ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಪರೀಕ್ಷಿಸಿದ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದರೊಳಗಿನ ಮಕ್ಕಳ ರಕ್ತಹೀನತೆ ಶೇ. 67.1. ರಕ್ತನಾಳದಿಂದ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ 2016–18ರ ಪೌಷ್ಟಿಕತಾ ಸಮೀಕ್ಷೆಯಲ್ಲಿ, ಒಂದರಿಂದ ನಾಲ್ಕು ವರ್ಷದವರಲ್ಲಿ, ಶೇ. 41. ವಯಸ್ಸಿನ ವ್ಯಾಪ್ತಿ ಪೂರ್ತಿ ಒಂದೇ ಅಲ್ಲ. ಹಾಗಿದ್ದರೂ ಇಷ್ಟು ಅಂತರದಲ್ಲಿ ವಿಧಾನದ ಪಾಲು ದೊಡ್ಡದು.

ಬೆರಳಿನ ಹನಿಯಲ್ಲಿ ತಪ್ಪಾಗುವುದು ಹಿಂಡುವುದರಿಂದ. ರಕ್ತ ಬರಲಿಲ್ಲವೆಂದು ಬೆರಳನ್ನು ಒತ್ತಿದರೆ ಅಂಗಾಂಶದ ನೀರು ಬೆರೆತು ಹಿಮೋಗ್ಲೋಬಿನ್ ಕಡಿಮೆ ಕಾಣುತ್ತದೆ. ಕೈಯನ್ನು ಮೊದಲು ಬೆಚ್ಚಗೆ ಮಾಡಿ, ಸ್ಪಿರಿಟ್ ಪೂರ್ತಿ ಒಣಗಲು ಬಿಟ್ಟು, ಮೊದಲ ಹನಿ ಒರೆಸಿ, ತಾನಾಗಿ ಮೂಡಿದ ಹನಿಯನ್ನು ಒಂದೇ ಸಲಕ್ಕೆ ಕ್ಯುವೆಟ್ಟಿಗೆ (ಯಂತ್ರದಲ್ಲಿ ಇಡುವ ಪುಟ್ಟ ಪ್ಲಾಸ್ಟಿಕ್ ಕೋಶ) ತುಂಬಿಸಬೇಕು. ಕ್ಯುವೆಟ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಕರಾವಳಿಯ ಆರ್ದ್ರತೆಗೆ ಬೇಗ ಕೆಡುತ್ತದೆ.

ರಕ್ತನಾಳದ ಮಾದರಿಗೆ ರಕ್ತ ತೆಗೆಯಲು ತರಬೇತಾದ ಫ್ಲೆಬಾಟಮಿಸ್ಟ್, ರಕ್ತವನ್ನು ಗಿರಗಿರನೆ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್, ತಣ್ಣನೆಯ ಸಾಗಣೆ ಬೇಕು; ಮಗುವಿನ ತೋಳಿಗೆ ಸೂಜಿ ಎಂದ ಕೂಡಲೇ ಒಪ್ಪದ ಮನೆಗಳೂ ಹೆಚ್ಚು. ಆದರೆ ರಕ್ತಹೀನತೆ ಕಬ್ಬಿಣದ ಕೊರತೆಯಿಂದಲೇ ಎಂದು ಹೇಳಬೇಕಾದರೆ ಬೇರೆ ದಾರಿಯಿಲ್ಲ. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಲೀಟರಿಗೆ 12 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ, ಆದರೆ ಸೋಂಕಿದ್ದಾಗ ಫೆರಿಟಿನ್ ತಾನಾಗಿ ಏರುವುದರಿಂದ ಉರಿಯೂತವನ್ನು ತೋರಿಸುವ ಸಿಆರ್‌ಪಿ ಎಂಬ ಪ್ರೋಟೀನನ್ನೂ ಅಳೆದು ಸರಿದೂಗಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ 6–23 ತಿಂಗಳ ಮಕ್ಕಳ ಹಿಮೋಗ್ಲೋಬಿನ್ ಗಡಿಯನ್ನು ಲೀಟರಿಗೆ 110 ಗ್ರಾಂನಿಂದ 105ಕ್ಕೆ ಇಳಿಸಿದೆ. ಹಳೆಯ ಅಂಕಿಯೊಂದಿಗೆ ಹೋಲಿಸುವಾಗ ಎರಡೂ ಗಡಿಯಲ್ಲಿ ಲೆಕ್ಕ ಹಾಕಿ ತೋರಿಸಿ.

ಯಾರಿಗೆ ಯಾವುದು

ನೆರೆ, ಬರ, ನಿರಾಶ್ರಿತರ ಶಿಬಿರ: ಎಲ್ಲ ಮಕ್ಕಳಿಗೂ ಟೇಪು ಮತ್ತು ಪಾದದ ಊತ. ಎರಡು ವಾರದೊಳಗೆ ನಾನ್ನೂರು ಮಕ್ಕಳ ತೂಕ-ಎತ್ತರದ ಸಮೀಕ್ಷೆ. ರಕ್ತ, ಊಟದ ಪ್ರಮಾಣ ಯಾವುದೂ ಬೇಡ.

ತಾಲ್ಲೂಕು ಮಟ್ಟದಲ್ಲಿ ಅಂಗನವಾಡಿಗಳ ಜೊತೆ ಒಂದು-ಎರಡು ವರ್ಷದ ಯೋಜನೆ, ಬಜೆಟ್ ಸಾಧಾರಣ: ಆಹಾರ ವೈವಿಧ್ಯವನ್ನು ಮುಖ್ಯ ಫಲಿತಾಂಶ ಮಾಡಿಕೊಳ್ಳಿ, ತೂಕ-ಎತ್ತರವನ್ನು ಆರಂಭದಲ್ಲೂ ಅಂತ್ಯದಲ್ಲೂ ಅದೇ ಋತುವಿನಲ್ಲಿ ಅಳೆಯಿರಿ. ಅಂಗನವಾಡಿಯಲ್ಲಿ ಪ್ರತಿ ತಿಂಗಳು ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಸೇರುವ ತೂಕಗಳನ್ನು ಮಗುವಿನ ಬೆಳವಣಿಗೆ ಗಮನಿಸಲು ಬಳಸಿ. ಪ್ರಮಾಣ ಹೇಳಲು ಬಳಸುವುದಾದರೆ ಮೊದಲು ಹತ್ತರಲ್ಲಿ ಒಂದು ಮಗುವನ್ನಾದರೂ ನಿಮ್ಮ ತಂಡ ಮರು ಅಳೆಯಲಿ. ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ಜಿಲ್ಲೆಗೆ ಸರಿ, ಅದನ್ನು ತಾಲ್ಲೂಕಿಗೆ ಇಳಿಸಬೇಡಿ.

ಒಬ್ಬರೇ ಮಾಡುವ ಸ್ನಾತಕೋತ್ತರ ಪ್ರಬಂಧ, ಮೂರು ತಿಂಗಳು, ಕೈಯಿಂದಲೇ ಖರ್ಚು: ಆಹಾರ ವೈವಿಧ್ಯ ಮತ್ತು ಟೇಪು. ಬೋರ್ಡು ಬೇಕೇಬೇಕೆಂದರೆ ಎರಡನೆಯ ಅಳತೆಗಾರರಾಗಿ ಸಹಪಾಠಿಯೊಬ್ಬರನ್ನು ಒಪ್ಪಿಸಿ, ಹತ್ತು ಮಕ್ಕಳ ಪರೀಕ್ಷೆಯ ಫಲಿತಾಂಶವನ್ನು ಪ್ರಬಂಧದಲ್ಲೇ ಹಾಕಿ.

ಸರ್ಕಾರಕ್ಕೆ ಅಕ್ಕಿ ಬಲವರ್ಧನೆ (ಅಕ್ಕಿಗೆ ಪೋಷಕಾಂಶ ಸೇರಿಸುವುದು) ಅಥವಾ ಮೊಟ್ಟೆ ವಿತರಣೆಯ ಬಗ್ಗೆ ಸಲಹೆ ಕೊಡಬೇಕಾದ ಅಧ್ಯಯನ: ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ಮತ್ತು ರಕ್ತನಾಳದ ಮಾದರಿ, ಮಕ್ಕಳ ಸಂಖ್ಯೆ ಕಡಿಮೆಯಾದರೂ ಸರಿ. ಬೆರಳಿನ ಹನಿಯಿಂದ ಹಣ ಉಳಿಸಿದರೆ, ಕಬ್ಬಿಣದ ಬಗ್ಗೆ ಕೇಳುವ ಮೊದಲ ಪ್ರಶ್ನೆಗೇ ಉತ್ತರ ಇರುವುದಿಲ್ಲ.

ಗರ್ಭಿಣಿಯರಿಂದ ಆರಂಭಿಸಿ ಮಗುವಿಗೆ ಎರಡು ತುಂಬುವವರೆಗಿನ ಪ್ರಯೋಗ, ಮೂರು ವರ್ಷಕ್ಕೆ ಮೀರಿದ ಹಣ: ಇಲ್ಲಿ ಮಾತ್ರ ವಯಸ್ಸಿಗೆ ತಕ್ಕ ಎತ್ತರ ಮುಖ್ಯ ಫಲಿತಾಂಶವಾಗಲಿ. ಮಗು ಹುಟ್ಟಿದ ದಿನವೇ ನಿಮ್ಮ ತಂಡ ದಿನಾಂಕ ಬರೆದುಕೊಳ್ಳುವುದರಿಂದ ವಯಸ್ಸಿನ ಗೊಂದಲ ಇರದು. ಪ್ರತಿ ಮಗುವನ್ನು ಇಬ್ಬರು ಬೇರೆಬೇರೆಯಾಗಿ ಅಳೆದು, 0.7 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಇಬ್ಬರೂ ಮತ್ತೆ ಅಳೆಯುವ ನಿಯಮವನ್ನು ಮೊದಲ ದಿನದಿಂದಲೇ ಜಾರಿಗೆ ತನ್ನಿ.